ಹದಿನೇಳು ಇಂಚಿನ ಕಟ್ಟೆ

ಬುತ್ತಿ ಕಟ್ಟುವ ಬಟ್ಟೆಗೊಂದು ವಾಸನೆ ಇರುತ್ತದೆ. ಬಿಸಿ ಜೋಳದ ರೊಟ್ಟಿಯ ಹಬೆ, ಗುರೆಳ್ಳು ಚಟ್ನಿಯ ಖಾರ, ಅದರ ಜೊತೆಗೆ ಎಷ್ಟು ಒಗೆದರೂ ಹೋಗದ ಹತ್ತಿಯ ದೂಳು, ಮಷೀನಿನ ಎಣ್ಣೆ. ದಾವಣಗೆರೆಯ ಮಿಲ್ಲು ಕಾರ್ಮಿಕರ ಮನೆಯಲ್ಲಿ ಹುಟ್ಟಿದ ಸುಷ್ಮಾಗೆ ಅಪ್ಪ ಎಂದರೆ ಆ ವಾಸನೆಯೇ.

ಏಳೆಂಟು ವರ್ಷದವಳಿದ್ದಾಗ ಮಧ್ಯಾಹ್ನದ ಬುತ್ತಿ ಒಯ್ಯುವ ಕೆಲಸ ಅವಳದಾಗಿತ್ತು. ಮಿಲ್ಲಿನ ಕೆಂಪು ಗೇಟಿನಲ್ಲಿ ವಾಚ್‌ಮನ್ ಬಡೇಸಾಬ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಎದುರಿಗೆ ಬುತ್ತಿ ಹಿಡಿದ ಹೆಂಗಸರ ಸಾಲು. ಯಾರು ಯಾವ ಮನೆಯವರೆಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಒಬ್ಬರನ್ನೂ ಬಿಡದೆ ಕೇಳುವನು.

"ಯಾರ ಬುತ್ತಿ?"

ಹೆಂಗಸರು ಗಂಡನ ಹೆಸರು ಹೇಳುವಂತಿಲ್ಲ. ಅದಕ್ಕೆ ಗಂಡನ ಟೋಕನ್ ನಂಬರು ಹೇಳುತ್ತಿದ್ದರು. ಮುನ್ನೂರ ಆರು... ನಾನೂರ ಹನ್ನೆರಡು... ಹೊಸದಾಗಿ ಮದುವೆಯಾದವಳು ನಂಬರು ಹೇಳುವುದಕ್ಕೂ ನಾಚಿ ನೆಲ ನೋಡುತ್ತಿದ್ದಳು. ಸುಷ್ಮಾಗೆ ಆ ಕಟ್ಟುಪಾಡು ಎಲ್ಲಿಯದು? "ಬಂಗಾರಪ್ಪಂದು!" ಎಂದು ಗೇಟು ನಡುಗುವಂತೆ ಕೂಗುವಳು. ಸಾಲಿಗೆ ಸಾಲೇ ನಗುತ್ತಿತ್ತು.

ಆಮೇಲೆ ಮಿಲ್ಲು ಮುಚ್ಚಿತು. ಎರಡನೇ ವರ್ಷಕ್ಕೆ ಬಂಗಾರಪ್ಪನೂ ಹೋದ. ಅವನ ಹೆಂಡತಿ ದುರುಗವ್ವ ಕಣ್ಣೊರೆಸಿಕೊಂಡು ಅದೇ ಮುಚ್ಚಿದ ಗೇಟಿನ ಮುಂದೆ, ಬೇವಿನ ಮರದ ಕೆಳಗೆ, ಮಂಡಕ್ಕಿ-ಮಿರ್ಚಿಯ ತಳ್ಳುಗಾಡಿ ಇಟ್ಟಳು. ಅದರಿಂದಲೇ ಮಗಳನ್ನು ಬಿ.ಎ. ಓದಿಸಿದಳು.

ಅಂಜನಕುಮಾರ ಅಲ್ಲಿಗೆ ಬಂದದ್ದು 1998ರ ಫೆಬ್ರವರಿಯಲ್ಲಿ.

ದಾವಣಗೆರೆ ಜಿಲ್ಲೆಯಾಗಿ ಆರು ತಿಂಗಳಾಗಿತ್ತು. ಮಿಲ್ಲುಗಳ ಊರು ಕಾಲೇಜುಗಳ ಊರಾಗಿತ್ತು. ಬೇವಿನ ಮರದ ಸುತ್ತ ಹಳೆಯ ಚಪ್ಪಡಿ ಕಲ್ಲಿನ ಕಟ್ಟೆ. ಸಂಜೆ ನಾಲ್ಕಾದರೆ ಕೆಲಸ ಕಳೆದುಕೊಂಡ ಕಾರ್ಮಿಕರು ಪಾಳಿಗೆ ಬಂದವರಂತೆ ಬಂದು ಕೂಡುತ್ತಿದ್ದರು. ಅದೇ ಹೊತ್ತಿಗೆ ಮಿರ್ಚಿಯ ಆಸೆಗೆ ಇಂಜಿನಿಯರಿಂಗ್ ಹುಡುಗರೂ ಬರುತ್ತಿದ್ದರು. ಫಿಟರ್ ಮಾರಣ್ಣ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಇದ್ದಿಲ ಚೂರಿನಿಂದ ಕಲ್ಲಿನ ಮೇಲೆ ಹಲ್ಲುಚಕ್ರ ಬರೆದು, ಅದು ಎಲ್ಲಿ ಸವೆಯುತ್ತದೆ, ಯಾಕೆ ಕಿರುಗುಟ್ಟುತ್ತದೆ ಎಂದು ಅವನು ಹೇಳತೊಡಗಿದರೆ ಹುಡುಗರು ತಿನ್ನುವುದನ್ನೂ ಮರೆಯುತ್ತಿದ್ದರು.

ಅಂಥ ಒಂದು ಸಂಜೆ ಕೂತವರ ಕಾಲುಗಳ ನಡುವೆ ಯಾರೋ ಬಗ್ಗಿ ಟೇಪು ಹಿಡಿದಿದ್ದನ್ನು ಸುಷ್ಮಾ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಪೆನ್ಸಿಲು.

"ಏನ್ರೀ, ಏನ್ ಅಳೀತಿದೀರಿ?"

"ಕಟ್ಟೆ."

"ಮಾರಾಟಕ್ಕಿಲ್ಲ."

ಅವನು ತಲೆ ಎತ್ತಿದ. ಮುಖದಲ್ಲಿ ಕೋಪವಿರಲಿಲ್ಲ, ಏನೋ ಸಿಕ್ಕಿದ ಖುಷಿ ಇತ್ತು. "ಹದಿನೇಳು ಇಂಚು ಐತ್ರೀ. ಮೊಣಕಾಲಿಗೆ ಸರಿಯಾಗಿ. ಅದಕ್ಕೇ ಇಲ್ಲಿ ಕುಂತೋರು ಏಳಲ್ಲ."

"ಮಿರ್ಚಿ ಬಿಸಿ ಐತೆ, ಅದಕ್ಕೆ ಏಳಲ್ಲ. ತಿನ್ನಂಗಿದ್ರೆ ಕೂಡ್ರಿ. ಇಲ್ಲಾಂದ್ರೆ ಜಾಗ ಬಿಡ್ರಿ."

ಕಟ್ಟೆಯೆಲ್ಲ ನಕ್ಕಿತು. ಅವನು ಟೇಪು ಸುತ್ತಿಕೊಂಡು, ಶಾಲೆಯ ಹುಡುಗನಂತೆ ಮಾರಣ್ಣನ ಪಕ್ಕ ಕೂತ. ದುರುಗವ್ವ ಅವನ ಕೈಗೊಂದು ತಟ್ಟೆ ಕೊಟ್ಟಳು. ಅವಳು ಹಾಗೆಯೇ. ಹಸಿದವರ ಮುಖ ಅವಳಿಗೆ ಗೊತ್ತಾಗುತ್ತಿತ್ತು.

ಅಂಜನಕುಮಾರ ಹರಿಹರದ ಹುಡುಗ. ಊರುಗಳ ನಕ್ಷೆ ಮಾಡುವುದನ್ನು ಓದಿ ಬಂದಿದ್ದ. 'ವಿದ್ಯಾಪಥ' ಎಂಬ ಹೊಸ ಯೋಜನೆಯಲ್ಲಿ ಅವನಿಗೆ ಕೆಲಸ. ಕಾಲೇಜುಗಳನ್ನೆಲ್ಲ ಒಂದು ದಾರಿಯಿಂದ ಜೋಡಿಸಬೇಕು. ಆ ದಾರಿಯಲ್ಲಿ ಓದುವವರು, ಓದಿಸುವವರು, ಊರಿನವರು ಒಬ್ಬರಿಗೊಬ್ಬರು ಸಿಗಬೇಕು, ನಿಲ್ಲಬೇಕು, ಮಾತಾಡಬೇಕು. ಇದು ಅವನ ಕನಸು. ಕಾಂಪೌಂಡು ಗೋಡೆ ಎಷ್ಟು ಕಟ್ಟಿದರೂ ಊರಿಗೆ ಬುದ್ಧಿ ಬರುವುದಿಲ್ಲ, ಬುದ್ಧಿ ಹುಟ್ಟುವುದು ಇಂಥ ಕಟ್ಟೆಯ ಮೇಲೆ ಎಂದು ಅವನು ಹೇಳುತ್ತಿದ್ದರೆ, ಸುಷ್ಮಾಗೆ ಬೇಕೆಂದೇ ಆಕಳಿಕೆ ಬರಿಸಿಕೊಳ್ಳಬೇಕಾಗುತ್ತಿತ್ತು. ಇಲ್ಲದಿದ್ದರೆ ಕಣ್ಣು ಎಲ್ಲವನ್ನೂ ಹೇಳಿಬಿಡುತ್ತಿತ್ತಲ್ಲ...

ಜನ ಎಲ್ಲಿ ಕೂಡುತ್ತಾರೆ ಎಂದು ಬರೆದುಕೊಳ್ಳಲು ಯೋಜನೆಗೆ ಒಬ್ಬರು ಬೇಕಿತ್ತು. ಸುಷ್ಮಾಳ ಅಕ್ಷರ ಮುತ್ತಿನಂತಿತ್ತು. ಕೆಲಸ ಅವಳಿಗೇ ಸಿಕ್ಕಿತು.

ಕಾಲಂಗಳನ್ನು ಹಾಕಿಕೊಟ್ಟವನು ಅಂಜನಕುಮಾರ. ಹೆಸರು, ಎಷ್ಟು ವರ್ಷದಿಂದ ಇಲ್ಲಿ ಬರುತ್ತೀರಿ, ಯಾರ ಜೊತೆ ಮಾತಾಡುತ್ತೀರಿ. ಕೊನೆಯದು, ಯಾವ ಹೊತ್ತಿಗೆ ಇರುತ್ತೀರಿ.

ಜನ ಮೊದಲು ಹೆಸರು ಕೊಡಲು ಅಂಜಿದರು. ಸರ್ಕಾರದ ಕಾಗದದಲ್ಲಿ ಹೆಸರು ಬಂದರೆ ಒಳ್ಳೆಯದಾಗಿದ್ದನ್ನು ಅವರು ಕಂಡಿರಲಿಲ್ಲ. ಸುಷ್ಮಾ ಒಬ್ಬೊಬ್ಬರ ಹತ್ತಿರವೂ ಕೂತು ಹೇಳಿದಳು, ಹೆಸರು ಇದ್ದವರಿಗೆ ಹೊಸ ಕಟ್ಟೆಯ ಮೇಲೆ ಜಾಗ ಖಾಯಂ ಎಂದು. ಬಂಗಾರಪ್ಪನ ಮಗಳು ಹೇಳಿದಳಲ್ಲ, ಕೊಟ್ಟರು. ಹೂವು ಮಾರುವವರು, ಚಪ್ಪಲಿ ಹೊಲಿಯುವವರು, ಸೈಕಲ್ಲಿಗೆ ಪಂಕ್ಚರ್ ಹಾಕುವವರು, ಎಲ್ಲ ಸೇರಿ ನಲವತ್ತಮೂರು ಹೆಸರು. ಮಾರಣ್ಣ ತನ್ನದನ್ನು ಎರಡು ಸಲ ಓದಿಸಿಕೊಂಡ.

ಒಂದು ದಿನ ಅವಳು ಅಂಜನಕುಮಾರನನ್ನೇ ಕೇಳಿದಳು. "ಇವ್ರನ್ನ ಎಬ್ಬಿಸಲ್ಲ ತಾನೆ?"

"ಮೊದ್ಲು ಹೊಸ ಕಟ್ಟೆ. ಅದ್ರ ಮೇಲೆ ಇವ್ರು ಕುಂತ ಮೇಲೆನೇ ಇಲ್ಲಿ ಕೈ ಹಚ್ಚೋದು. ವರದಿ ಮೊದಲ್ನೇ ಹಾಳೆಯಾಗೇ ಬರ್ದೀನಿ."

ಅವಳು ನಂಬಿದಳು. ನಂಬದಿರಲು ಕಾರಣವೇ ಇರಲಿಲ್ಲ. ದಿನಾ ಬೆಳಿಗ್ಗೆ ಅವಳ ಪೆನ್ಸಿಲನ್ನು ಚೂಪು ಮಾಡಿ ಇಡುತ್ತಿದ್ದವನು ಅವನು. ಬಿಸಿಲಲ್ಲಿ ನಡೆಯುವಾಗ ತಾನು ಬಿಸಿಲ ಮಗ್ಗುಲಿಗೆ ಸರಿದು, ತನ್ನ ನೆರಳನ್ನು ಅವಳಿಗೆ ಬಿಡುತ್ತಿದ್ದ. ಅದನ್ನು ಅವಳು ನೋಡಿಯೂ ನೋಡದಂತೆ ಇದ್ದಳು.

ಕೊನೆಯ ಹಾಳೆ ಮುಗಿದ ದಿನ ಹರಿಹರದ ಬಸ್ಸು ಹತ್ತುವ ಮುಂಚೆ ಅವನು ಅಂದ, "ವರದಿ ಪಾಸಾಗ್ಲಿ. ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ."

"ಮಿರ್ಚಿ ತಿನ್ನಕ್ಕಾ?"

"ಹ್ಞೂಂ. ದಿನಾ."

ಬಸ್ಸು ಹೋಯಿತು. ಅವಳು ಅಲ್ಲಿಯೇ ನಿಂತಿದ್ದಳು.

ಜೂನ್ ತಿಂಗಳ ಒಂದು ಮಂಗಳವಾರ ಸಂಜೆ ನಾಲ್ಕೂವರೆಗೆ ಎರಡು ಟ್ರ್ಯಾಕ್ಟರು, ಹಾರೆ ಹಿಡಿದ ಹತ್ತು ಆಳು, ನಾಲ್ಕು ಜನ ಪೊಲೀಸರು ಕೆಂಪು ಗೇಟಿಗೆ ಬಂದರು. ಕಟ್ಟೆ ತುಂಬಿತ್ತು. ಬಂದವರಲ್ಲಿ ಒಬ್ಬ ಜೆರಾಕ್ಸ್ ಹಾಳೆ ತೆಗೆದು ಹಾಜರಿ ಕರೆಯುವಂತೆ ಹೆಸರು ಓದತೊಡಗಿದ.

"ಮಾರಣ್ಣ, ಹನ್ನೊಂದು ವರ್ಷ."

ಮಾರಣ್ಣ ಕೈ ಎತ್ತಿದ. ನಗುತ್ತಾ ಮುಂದೆ ಬಂದ. ಟೋಪಿ ಸರಿಮಾಡಿಕೊಂಡ. ಜಾಗ ಹಂಚುತ್ತಾರೆಂದು ತಿಳಿದಿದ್ದ ಅವನು. ಅವನ ಹಿಂದೆ ಉಳಿದವರೂ ಎದ್ದು ಸಾಲಾಗಿ ನಿಂತರು. ಹೆಸರು ಕರೆದಾಗ ಒಬ್ಬೊಬ್ಬರೂ ಹೌದು ಎಂದರು. ಹೌದು ಎಂದವರ ಸಾಮಾನನ್ನು ಆಳುಗಳು ಎತ್ತಿ ಟ್ರ್ಯಾಕ್ಟರಿಗೆ ಎಸೆಯುವಾಗಲೂ, ಹೊಸ ಜಾಗಕ್ಕೆ ಒಯ್ಯುತ್ತಿದ್ದಾರೆಂದು ಮಾರಣ್ಣ ಒಂದು ಬುಟ್ಟಿಗೆ ತಾನೂ ಕೈ ಹಚ್ಚಿದ.

ಓಡಿ ಬಂದ ಸುಷ್ಮಾಗೆ ಕಂಡದ್ದು ಆ ಹಾಳೆ. ಅದರಲ್ಲಿದ್ದದ್ದು ಅವಳದೇ ಅಕ್ಷರ.

ಯಾರು ಯಾವ ಹೊತ್ತಿಗೆ ಇರುತ್ತಾರೆ... ಅವಳೇ ಬರೆದಿದ್ದಳು. ಆ ಕಾಲಂ ನೋಡಿಯೇ, ಎಲ್ಲರೂ ಒಟ್ಟಿಗೆ ಸಿಗುವ ಹೊತ್ತಿಗೆ ಅವರು ಬಂದಿದ್ದರು. ಅದು ಬಾಂಡ್ಲಿಯಲ್ಲಿ ಎಣ್ಣೆ ಕಾದ ಹೊತ್ತು ಕೂಡ. "ದುರುಗವ್ವ, ಒಂಬತ್ತು ವರ್ಷ" ಎಂದು ಓದಿದ ಕೂಡಲೆ ಇಬ್ಬರು ಗಾಡಿಯನ್ನು ಜಗ್ಗಿದರು. ಗಾಡಿ ವಾಲಿತು. ಪಕ್ಕದಲ್ಲಿ ನಿಂತ ಕಾಲೇಜು ಹುಡುಗಿಯೊಬ್ಬಳ ಮೇಲೆ ಬೀಳುತ್ತಿದ್ದ ಬಾಂಡ್ಲಿಯನ್ನು ದುರುಗವ್ವ ಬರಿಗೈಯಿಂದ ತಡೆದಳು.

ಆ ಹುಡುಗಿಗೆ ಏನೂ ಆಗಲಿಲ್ಲ. ದುರುಗವ್ವನ ಬಲಗೈ ಮೊಣಕೈವರೆಗೆ ಸುಟ್ಟಿತು.

ಹಾರೆಗಳು ಕಲ್ಲು ಮೀಟುತ್ತಿದ್ದವು. ಚಪ್ಪಡಿಯ ಮೇಲೆ ಮಾರಣ್ಣ ಬರೆದ ಹಲ್ಲುಚಕ್ರ ಅರ್ಧಕ್ಕೆ ನಿಂತಿತ್ತು. ಪೊಲೀಸನೊಬ್ಬ ಹಾಳೆಯ ಕೊನೆಯನ್ನು ಸುಷ್ಮಾಗೆ ತೋರಿಸಿದ. ಕೆಳಗೆ ಸಹಿ ಇತ್ತು. ಅಂಜನಕುಮಾರ.

ಆಸ್ಪತ್ರೆಗೆ ನೋಡಲು ಬಂದವರು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಳೆಹಣ್ಣು ಇಟ್ಟು, ದುರುಗವ್ವನ ಹಣೆ ಮುಟ್ಟಿ, ಸುಷ್ಮಾಳ ಕಡೆ ನೋಡದೆ ಹೋದರು. ಹೂವಿನ ಮುದುಕಿ ಮಾತ್ರ ಬಾಗಿಲಲ್ಲಿ ನಿಂತು ಅಂದಳು, "ಅಕ್ಷರ ಮಾತ್ರ ಭಾಳ ಚಲೋ ಐತವ್ವ ನಿಂದು. ಹೆಸ್ರು ಓದಿದವ್ನು ಎಲ್ಲೂ ತಡವರಿಸಲಿಲ್ಲ."

ಮರುದಿನ ಅಂಜನಕುಮಾರ ಬಂದ. ಬಟ್ಟೆ ಮುದ್ದೆಯಾಗಿತ್ತು, ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಹಾಲಿನ ಫ್ಲಾಸ್ಕು. ಅಂಗಿಯ ಜೇಬಿನಲ್ಲಿ ಎಂದಿನಂತೆ ಆ ಟೇಪು. ಸುಷ್ಮಾಗೆ ಕಂಡದ್ದು ಟೇಪು ಒಂದೇ.

"ಬಾ ಅಂಜನಕುಮಾರ." ವಾರ್ಡಿನ ಅಷ್ಟೂ ಹಾಸಿಗೆಗಳಿಗೆ ಕೇಳುವಂತೆ ಅವಳು ಹೆಸರು ಹಿಡಿದು ಕರೆದಳು. "ಟೇಪು ತಂದೀಯಲ್ಲ, ಅಳಿ. ನಮ್ಮವ್ವನ ಕೈ ಎಷ್ಟು ಇಂಚು ಸುಟ್ಟೈತೆ ಅಂತ ಬರ್ಕೋ. ಇನ್ನೊಂದು ಕಾಲಂ ಹಾಕು."

ಅವನು ಬಾಯಿ ತೆರೆದ. ದುರುಗವ್ವನ ಕೈ ನೋಡಿದ. ಮತ್ತೆ ಬಾಯಿ ಮುಚ್ಚಿದ.

"ಇನ್ಮ್ಯಾಲೆ ನಿನ್ನ ನೆರಳೂ ನಮಗೆ ಬ್ಯಾಡ."

ಅವನು ಫ್ಲಾಸ್ಕನ್ನು ಹೊರಗಿನ ಬೆಂಚಿನ ಮೇಲಿಟ್ಟು ಹೋದ. ಆ ಹಾಲನ್ನು ಸುಷ್ಮಾ ಪಕ್ಕದ ಹಾಸಿಗೆಯವರಿಗೆ ಕೊಟ್ಟಳು. ಮರುದಿನವೂ ಬೆಂಚಿನ ಮೇಲೆ ಫ್ಲಾಸ್ಕು ಇತ್ತು. ಹನ್ನೆರಡು ದಿನ ಇತ್ತು. ತಂದಿಟ್ಟವನು ಒಳಗೆ ಬರಲಿಲ್ಲ. ಅವಳೂ ಒಂದು ದಿನ ಕೂಡ ಅವ್ವನಿಗೆ ಅದನ್ನು ಕುಡಿಸಲಿಲ್ಲ.

ದೀಪಾವಳಿ ಹೊತ್ತಿಗೆ ಆ ಜಾಗದಲ್ಲಿ 'ಸಂವಾದ ವನ' ಎದ್ದಿತು. ಕಬ್ಬಿಣದ ಬೇಲಿ, ಬೀಗ ಇರುವ ಗೇಟು, ಒಂದಕ್ಕೊಂದು ಬೆನ್ನು ಮಾಡಿ ನೆಟ್ಟ ಒಂಟಿ ಕುರ್ಚಿಗಳು. ಹುಲ್ಲಿನ ಮೇಲೆ ಕೂತರೆ ಸೀಟಿ ಊದಲು ಒಬ್ಬನನ್ನು ನೇಮಿಸಿದ್ದರು. ಹುಡುಗರು ಎರಡು ದಿನ ಬಂದು, ಮೂರನೇ ದಿನ ಬರಲಿಲ್ಲ.

ಮಾರಣ್ಣ ದಿನಾ ನಾಲ್ಕಕ್ಕೆ ಟೋಪಿ ಹಾಕಿಕೊಂಡು ಬೇಲಿಯ ಹೊರಗೆ ಬಂದು ನಿಲ್ಲುತ್ತಿದ್ದ. ಡಿಸೆಂಬರಿನಲ್ಲಿ ಅದೂ ನಿಂತಿತು. ಅವನ ಮಣ್ಣಿಗೆ ಬಂದ ಕಾಲೇಜು ಹುಡುಗರಿಗೆ ಅವನ ಮನೆ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಕೇಳಿಕೊಂಡು ಬರುವಷ್ಟರಲ್ಲಿ ಹೆಣ ಎತ್ತಿಯಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಯೋಜನೆಯ ಕಚೇರಿಯ ಜವಾನ ಗಿಡ್ಡಪ್ಪ ಸುಷ್ಮಾಳ ಮನೆಗೆ ಬಂದ. ಒಳಗೆ ಕೂಡಲಿಲ್ಲ. ಜೇಬಿನಿಂದ ಎಂಟು ಮಡಿಕೆಯ ಹಾಳೆಯೊಂದನ್ನು ತೆಗೆದು ಅವಳ ಕೈಗಿಟ್ಟ.

ವರದಿಯ ಮೊದಲನೇ ಹಾಳೆ. ಮೊದಲು ಹೊಸ ಕಟ್ಟೆ ಕಟ್ಟತಕ್ಕದ್ದು, ಪಟ್ಟಿಯಲ್ಲಿರುವ ನಲವತ್ತಮೂರು ಜನಕ್ಕೆ ಜಾಗ ಕೊಡತಕ್ಕದ್ದು, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ಆ ಸಾಲಿನ ಕೆಳಗೆ ಎರಡು ಗೆರೆ.

ಕಚೇರಿಯ ಮುಖ್ಯಸ್ಥ ನಾಗಭೂಷಣ್ ಸಾಹೇಬರಿಗೆ ಶಂಕುಸ್ಥಾಪನೆಯ ಅವಸರ. ನಕ್ಷೆ ತೋರಿಸಿಕೊಂಡು ಬಾ ಎಂದು ಅಂಜನಕುಮಾರನನ್ನು ಬೆಂಗಳೂರಿಗೆ ಕಳಿಸಿ, ಈ ಹಾಳೆ ಕಿತ್ತು, ಉಳಿದದ್ದನ್ನು ತೆರವಿನ ಪಟ್ಟಿಯೆಂದು ಕೊಟ್ಟಿದ್ದರು.

"ಆ ಹಾಳೆ ಬಿಟ್ಟು ಜೆರಾಕ್ಸ್ ಮಾಡಿಸ್ಕೊಂಡು ಬಾ ಅಂದ್ರು. ನಾನೇ ಮಾಡಿಸ್ದೆನವ್ವ. ಯಾಕ ಅಂತ ಕೇಳಲಿಲ್ಲ." ಗಿಡ್ಡಪ್ಪ ನೆಲ ನೋಡುತ್ತಿದ್ದ. "ಅಂಜನಕುಮಾರ್ ಸಾಹೇಬ್ರು ಬೆಂಗ್ಳೂರಿಂದ ಬಂದ ದಿನಾನೇ ಕೆಲ್ಸ ಬಿಟ್ರು. ಆ ಹುಡುಗಿಗೆ ನಿಜ ಹೇಳ್ರಿ ಅಂದೆ. ಕಾಲಂ ಹಾಕಿದ್ದು ನಾನೇ ಅಲ್ವಾ ಗಿಡ್ಡಪ್ಪ ಅಂದ್ರು."

ಅವನು ಹೋದ ಮೇಲೆ ಸುಷ್ಮಾ ಹಾಳೆ ಹಿಡಿದು ನಿಂತೇ ಇದ್ದಳು. ಹನ್ನೆರಡು ದಿನದ ಹಾಲು ನೆನಪಾಯಿತು. ವಾರ್ಡಿನಲ್ಲಿ ತಾನು ಆಡಿದ ಮಾತು ನೆನಪಾಯಿತು. ಯಾರ ಕೈ ಸುಟ್ಟಿತು, ಯಾರನ್ನು ಯಾರು ಸುಟ್ಟರು... ಲೆಕ್ಕ ಸಿಗಲಿಲ್ಲ.

ಮರುದಿನ ಗಿಡ್ಡಪ್ಪ ಹೇಳಿದ ಗುರುತು ಹಿಡಿದು ಹರಿಹರದ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಕೋಣೆ. 'ಮನೆ ನಕ್ಷೆ ಬರೆದು ಕೊಡಲಾಗುವುದು' ಎಂಬ ಬೋರ್ಡು. ಪಕ್ಕದ ಚಹಾದಂಗಡಿಯವ ತಾನಾಗಿಯೇ ಹೇಳಿದ, ಬಂದವರಿಗೆಲ್ಲ ಮನೆ ಮುಂದೆ ಜನ ಕೂಡಲು ಕಟ್ಟೆ ಬಿಡ್ರಿ ಅಂತಾನಂತೆ, ಅರ್ಧ ಗಿರಾಕಿ ಎದ್ದೇ ಹೋಗ್ತಾರಂತೆ.

ಅಂಜನಕುಮಾರ ಅವಳನ್ನು ಕಂಡು ಎದ್ದು ನಿಂತ. ತೆಳ್ಳಗಾಗಿದ್ದ.

"ಕೈ ಹೆಂಗೈತೆ?" ಮೊದಲು ಕೇಳಿದ್ದು ಅದನ್ನೇ.

"ಮುಷ್ಟಿ ಕಟ್ಟಕ್ಕಾಗಲ್ಲ."

ಅವನು ತಲೆಯಾಡಿಸಿದ. ಸುಷ್ಮಾ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. "ಇದನ್ನ ಯಾಕ ಹೇಳಲಿಲ್ಲ?"

"ಹೇಳಿದ್ರೆ ತಪ್ಪು ಅವ್ರದಾಗ್ತಿತ್ತು. ಸುಟ್ಟ ಕೈ ನಿಮ್ಮವ್ವಂದೇ ಇರ್ತಿತ್ತು." ಅವನು ಹಾಳೆಯನ್ನು ಅವಳ ಕಡೆಗೇ ಸರಿಸಿದ. "ನಲವತ್ತಮೂರು ಜನ ನಿಮ್ಮ ಮಾತು ನಂಬಿ ಹೆಸ್ರು ಕೊಟ್ರು. ನೀವು ನನ್ನ ಮಾತು ನಂಬಿದ್ರಿ. ಆ ಕಟ್ಟೆ ವಾಪಸ್ ಆಗೋವರೆಗೂ ನಿಮ್ಮ ಮುಂದೆ ಬರಬಾರ್ದು ಅಂತಿದ್ದೆ."

ಮೇಜಿನ ಮೇಲೆ ಒಂದು ನಕ್ಷೆ ಇತ್ತು. ದಾವಣಗೆರೆಯಲ್ಲಿ, ಕಾಲೇಜಿನ ಎದುರಿಗೆ, ಬಟ್ಟೆ ವ್ಯಾಪಾರಿ ಕೊಟ್ಟೂರಪ್ಪನವರು ಕಟ್ಟಿಸುತ್ತಿರುವ ಹಾಸ್ಟೆಲ್ಲಿನದು. ರಸ್ತೆಗೆ ತಾಗಿದಂತೆ ಎಂಟು ಅಡಿ ಅಗಲ, ಉದ್ದಕ್ಕೂ ಕಟ್ಟೆ. ಬೇಲಿ ಹಾಕಕೂಡದು ಎಂದು ಬರೆದಿತ್ತು. ಕೊಟ್ಟೂರಪ್ಪನವರು ನಾಲ್ಕು ತಿಂಗಳು ಬೇಡವೆಂದು, ಕೊನೆಗೆ ಇವನ ಕಾಟಕ್ಕೆ ಒಪ್ಪಿದ್ದರು. ಹಳೆಯ ಕಟ್ಟೆಯ ಚಪ್ಪಡಿಗಳನ್ನು ಬಾತಿ ಕೆರೆಯ ಹತ್ತಿರ ಸುರಿದಿದ್ದರಂತೆ. ಇವನು ಹುಡುಕಿ ಹುಡುಕಿ ಒಂದೊಂದನ್ನೇ ಎತ್ತಿಸಿ ತಂದಿದ್ದ.

"ಒಂದು ಕಡಿಮೆ ಐತೆ," ಎಂದ. "ಮಾರಣ್ಣ ಬರೀತಿದ್ದದ್ದು ಸಿಗಲಿಲ್ಲ."

ಸುಷ್ಮಾಗೆ ಅಳು ಬಂತು. ಅವನ ಮುಂದೆ ಅಳಬಾರದೆಂದು ಹೊರಗೆ ಬಂದುಬಿಟ್ಟಳು. ಕ್ಷಮಿಸಿ ಎಂದು ಅವನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಬಸ್ಸು ಬಾತಿ ದಾಟುವಾಗ ಕಿಟಕಿಯಿಂದ ನೋಡಿದಳು. ಕೆರೆಯ ಪಕ್ಕದ ಮಣ್ಣಿನಲ್ಲಿ ಕಲ್ಲು ಕಿತ್ತ ಗುಳಿಗಳು ಸಾಲಾಗಿ ಒಣಗಿದ್ದವು.

ಆ ಸಂಜೆ ಅವ್ವನಿಗೆ ಎಲ್ಲವನ್ನೂ ಹೇಳಿದಳು. ದುರುಗವ್ವ ಪೂರ್ತಿ ಕೇಳಿದಳು. ಆಮೇಲೆ, ಆ ಹನ್ನೆರಡು ದಿನವೂ ಕಿಟಕಿಯಾಚೆ ಮರದ ಕೆಳಗೆ ಆ ಹುಡುಗ ನಿಂತಿರುತ್ತಿದ್ದುದನ್ನು ತಾನು ಮಲಗಿದಲ್ಲಿಂದಲೇ ನೋಡುತ್ತಿದ್ದೆ ಎಂದಳು. ಯಾಕೆ ಹೇಳಲಿಲ್ಲ ಎಂದು ಮಗಳು ಕೇಳಲಿಲ್ಲ. ಆಗ ಹೇಳಿದ್ದರೂ ತಾನು ಕೇಳುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ಹಾಸ್ಟೆಲ್ಲಿನ ಮುಂದೆ ಚಪ್ಪಡಿ ಹಾಸಲು ಶುರುವಾಯಿತೆಂದು ಸುದ್ದಿ ಬಂತು. ಅಲ್ಲಿಗೆ ಬಡೇಸಾಬನನ್ನೇ ವಾಚ್‌ಮನ್ ಮಾಡಿದ್ದರು.

ಆ ದಿನ ದುರುಗವ್ವ ಒಲೆ ಹಚ್ಚಿದಳು. ಬಲಗೈ ಬಗ್ಗುತ್ತಿರಲಿಲ್ಲ, ಎಡಗೈಯಿಂದ ಬಡಿದ ರೊಟ್ಟಿ ಸೊಟ್ಟಗಾಯಿತು. ಸುಷ್ಮಾ ಕೈ ಹಾಕಲು ಹೋದರೆ ಬಿಡಲಿಲ್ಲ. ಮೂರು ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ. ಟ್ರಂಕಿನ ತಳದಿಂದ ಹಳೆಯ ಬಟ್ಟೆಯೊಂದನ್ನು ತೆಗೆದು ಕಟ್ಟಿದಳು. ಗಂಟನ್ನು ಮಾತ್ರ ಮಗಳಿಂದ ಹಾಕಿಸಿದಳು.

"ಹೋಗು. ಆರ್ತೈತೆ."

ದಾರಿಯುದ್ದಕ್ಕೂ ಆ ವಾಸನೆ. ರೊಟ್ಟಿಯ ಹಬೆ, ಚಟ್ನಿಯ ಖಾರ... ಇಷ್ಟು ವರ್ಷವಾದರೂ ಬಟ್ಟೆಯಲ್ಲಿ ಹತ್ತಿಯ ದೂಳು ಇನ್ನೂ ಇತ್ತು.

ಹಾಸ್ಟೆಲ್ಲಿನ ಬಾಗಿಲಲ್ಲಿ ಬಡೇಸಾಬ್ ಕುರ್ಚಿ ಹಾಕಿಕೊಂಡು ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನ ಹಿಂದೆ ಅರ್ಧ ಮುಗಿದ ಕಟ್ಟೆ. ಪಂಕ್ಚರ್ ಹಾಕುವವನು, ಹೂವಿನ ಮುದುಕಿ, ಇನ್ನಿಬ್ಬರು ಆಗಲೇ ಬಂದು ಹಾಸಿದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಮುದುಕಿ ಸುಷ್ಮಾಳನ್ನು ನೋಡಿ, ಮುಖ ತಿರುಗಿಸಲಿಲ್ಲ. ಸ್ವಲ್ಪ ಆಚೆ ಸರಿದು ಕಲ್ಲಿನ ಮೇಲೆ ಜಾಗ ಬಿಟ್ಟಳು. ಮಾರಣ್ಣನ ಕಲ್ಲು ಇರಬೇಕಿದ್ದ ಕಡೆ ಬರೀ ಮಣ್ಣಿತ್ತು. ಅಲ್ಲಿ ಬಗ್ಗಿ ಅಂಜನಕುಮಾರ ಟೇಪು ಹಿಡಿದಿದ್ದ.

ಬಡೇಸಾಬ್ ಅವಳ ಕೈಯಲ್ಲಿದ್ದ ಗಂಟು ನೋಡಿದ. ಅವಳ ಮುಖ ನೋಡಿದ. ಮೀಸೆಯಡಿ ನಗು ಅಡಗಿಸಿಕೊಂಡು, ಹಳೆಯ ಗಂಟಲಿನಲ್ಲಿ ಕೇಳಿದ.

"ಯಾರ ಬುತ್ತಿ?"

ಗೇಟು ನಡುಗುವಂತೆ ಅಪ್ಪನ ಹೆಸರು ಕೂಗುತ್ತಿದ್ದವಳು. ವಾರ್ಡು ತುಂಬ ಕೇಳುವಂತೆ ಇವನ ಹೆಸರು ಹಿಡಿದು ಕರೆದವಳು. ಈಗ ಆ ಆರಕ್ಷರದ ಮೇಲೆ ನಾಲಿಗೆ ಏಳಲೇ ಇಲ್ಲ. ಸೆರಗಿನ ತುದಿ ತಾನಾಗಿ ಬಾಯಿಗೆ ಬಂತು.

"ಹೇಳವ್ವ. ಹೆಸ್ರು ಹೇಳ್ದೆ ಒಳಗೆ ಬಿಡಂಗಿಲ್ಲ."

"ಹೆಸ್ರು ಹೇಳಕ್ಕಾಗಲ್ಲ ಚಾಚಾ."

"ಹಂಗಾರೆ ನಂಬರು?"

ಅವಳು ನೆಲ ನೋಡಿದಳು. "ಹದಿನೇಳು."

ಮಣ್ಣಿನ ಮೇಲೆ ಬಗ್ಗಿದ್ದವನ ಕೈಯಿಂದ ಟೇಪು ಜಾರಿ, ಸರ್ರನೆ ಸುತ್ತಿಕೊಂಡು ಒಳಗೆ ಹೋಯಿತು. ಅವನು ಎದ್ದು ನಿಂತ. ಹೂವಿನ ಮುದುಕಿ ತನ್ನ ತಂಬಿಗೆಯನ್ನು ಅವನತ್ತ ತಳ್ಳಿದಳು. ಅವನು ಕೈ ತೊಳೆದುಕೊಂಡ.

"ನೀವು ಉಂಡ್ರಾ?" ಎಂದು ಕೇಳಿದ.

"ನೀವು ಉಂಡ ಮ್ಯಾಲೆ."

ಅವನು ಕಲ್ಲಿನ ಮೇಲೆ ಕೂತ. ಸುಷ್ಮಾ ಬುತ್ತಿಯನ್ನು ಅವನ ಕೈಗೆ ಕೊಟ್ಟಳು.